ಅಯಾನು ವಿನಿಮಯ ಪೊರೆ: ಹರಿವು ಬ್ಯಾಟರಿಯತ್ತ ಸಾಗಿದ ಬಗೆ

ಅಯಾನು ವಿನಿಮಯ ಪೊರೆ: ಕೆಲವು ಅಯಾನುಗಳಿಗೆ ದಾರಿ ಬಿಟ್ಟು, ಉಳಿದವನ್ನು ತಡೆಯುವ ತೆಳು ಪಾಲಿಮರ್ ಹಾಳೆ. ಹರಿವು ಬ್ಯಾಟರಿಯಲ್ಲಿ ಎರಡು ತೊಟ್ಟಿಗಳ ದ್ರಾವಣಗಳು ಪಂಪಿನ ಬಲದಿಂದ ಇದರ ಎರಡೂ ಮಗ್ಗುಲಲ್ಲಿ ಹರಿಯುತ್ತವೆ. ಅವು ಬೆರೆತರೆ ತುಂಬಿಟ್ಟ ವಿದ್ಯುತ್ತು ಪೋಲು.

ವಿನಿಮಯದ ಮೊದಲ ಪಾಠ ಸಿಕ್ಕಿದ್ದು ಮಣ್ಣಿನಲ್ಲಿ. 1850ರ ಸುಮಾರಿಗೆ ಇಂಗ್ಲೆಂಡಿನ ಎಚ್. ಎಸ್. ಥಾಂಪ್ಸನ್ ಮತ್ತು ಜೆ. ಟಿ. ವೇ ಮಣ್ಣಿನ ಮೇಲೆ ಅಮೋನಿಯಂ ಸಲ್ಫೇಟ್ ದ್ರಾವಣ ಸುರಿದರು. ಅಮೋನಿಯಂ ಮಣ್ಣಿನಲ್ಲೇ ಉಳಿಯಿತು, ಕೆಳಗೆ ಇಳಿದದ್ದು ಕ್ಯಾಲ್ಸಿಯಂ ಸಲ್ಫೇಟ್. ಕೊಡಗಿನ ಕಾಫಿ ಬೆಳೆಗಾರರಿಗೆ ಈ ಅದಲುಬದಲು ಹೊಸದಲ್ಲ. ಮುಂಗಾರಿನ ಮಳೆಗೆ ಕ್ಯಾಲ್ಸಿಯಂ ಕೊಚ್ಚಿಹೋಗಿ ಮಣ್ಣು ಹುಳಿಯಾದಾಗ ರಸಸಾರ ನೋಡಿ ಸುಣ್ಣ ಎರಚುತ್ತಾರೆ. ಜೇಡಿಯ ಕಣಕ್ಕೆ ಅಂಟಿಕೊಂಡ ಹೈಡ್ರೋಜನ್, ಅಲ್ಯೂಮಿನಿಯಂ ಎದ್ದು ಕ್ಯಾಲ್ಸಿಯಮ್ಮಿಗೆ ಜಾಗ ಕೊಡುತ್ತವೆ.

1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಇದೇ ಗುಣದ ಕೃತಕ ರಾಳ ತಯಾರಿಸಿದರು. 1950ರಲ್ಲಿ ಜೂಡಾ ಮತ್ತು ಮ್ಯಾಕ್ರೇ ಅದನ್ನು ಪೊರೆಯಾಗಿಸಿದರು. 1960ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯ ವಾಲ್ತರ್ ಗ್ರೋಟ್ ರೂಪಿಸಿದ ನೇಫಿಯಾನ್ ಇಂದಿಗೂ ಹೊಸ ಪೊರೆಗಳನ್ನು ಅಳೆಯುವ ಅಳತೆಗೋಲು. ಅದರ ಸಲ್ಫೋನೇಟ್ ಗುಂಪುಗಳು ಋಣಾವೇಶದವು. ಧನ ಅಯಾನು ನುಸುಳುತ್ತದೆ, ಋಣ ಅಯಾನು ಹಿಂದೆ ಸರಿಯುತ್ತದೆ. ದರ ಮಾತ್ರ ದುಬಾರಿ.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಮಾರಿಯಾ ಸ್ಕಿಲ್ಲಾಸ್-ಕಜಾಕೋಸ್ ತಂಡ ಹರಿವು ಬ್ಯಾಟರಿಯ ಎರಡೂ ಕಡೆ ವನೇಡಿಯಮ್ಮನ್ನೇ ಹರಿಸಿತು. ಜಾಣತನದ ಆಯ್ಕೆ: ಪೊರೆ ಸೋರಿದರೂ ದ್ರಾವಣ ಶಾಶ್ವತವಾಗಿ ಕೆಡುವುದಿಲ್ಲ, ಅದನ್ನು ಮತ್ತೆ ಹದಗೊಳಿಸಬಹುದು.

ಸಾವಯವ ಅಣುಗಳ ಬ್ಯಾಟರಿಗೆ ಆ ಸವಲತ್ತಿಲ್ಲ. 2014ರಲ್ಲಿ ಹಾರ್ವರ್ಡಿನ ಮೈಕೆಲ್ ಆಜೀಜ್ ತಂಡ ನೀರಿನಲ್ಲಿ ಕ್ವಿನೋನ್ ಎಂಬ ಸಾವಯವ ಅಣುವನ್ನು ಕರಗಿಸಿ ಬ್ರೋಮಿನ್ ಜೊತೆ ಕೆಲಸ ಮಾಡಿಸಿತು. ಮರುವರ್ಷ ಕ್ಷಾರದಲ್ಲಿ ಫೆರೋಸಯನೈಡ್ ಜೊತೆ. ಎರಡು ಬದಿಗೂ ಬೇರೆ ಬೇರೆ ಅಣು, ಹಾಗಾಗಿ ದಾಟಿದ್ದು ನಷ್ಟವೇ. ಆದರೆ ಸಾವಯವ ಅಣುಗಳು ದೊಡ್ಡವು, ಗಾತ್ರ ನೋಡಿ ಸೋಸುವ ಜರಡಿಯೇ ಸಾಕಾದೀತು. ಇದನ್ನು ಮೊದಲು ಗಟ್ಟಿಯಾಗಿ ತೋರಿಸಿದವರಲ್ಲಿ ಜರ್ಮನಿಯ ಯೇನಾ ತಂಡವೂ ಒಂದು: 2015ರಲ್ಲಿ ಅದು ಪಾಲಿಮರ್ ಅಣುಗಳನ್ನು ಬಳಸಿ, ಅಗ್ಗದ ಡಯಾಲಿಸಿಸ್ ಹಾಳೆಯಿಂದಲೇ ಕೆಲಸ ನಡೆಸಿತು. 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಚಿಲೇ ಸಾಂಗ್ ತಂಡ ಪಾಲಿಮರ್ ಸರಪಳಿಗಳು ಒತ್ತಾಗಿ ಕೂರದಂತೆ ಮಾಡಿ, ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳನ್ನು ಉಳಿಸಿಕೊಂಡಿತು.

ಪೊರೆಯ ಗೋಜೇ ಬೇಡವೆನ್ನುವ ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಶುಕ್ಲಾ ಮತ್ತು ಸಹೋದ್ಯೋಗಿಗಳು 2010ರ ದಶಕದಲ್ಲಿ ಕರಗುವ ಸೀಸದ ಹರಿವು ಬ್ಯಾಟರಿಯ ಮೇಲೆ ದುಡಿದರು. ಅದರಲ್ಲಿ ಒಂದೇ ದ್ರಾವಣ, ಪೊರೆಯಿಲ್ಲ. ಈ ಬಗೆಯ ಬ್ಯಾಟರಿಯ ಗೋಳು ಇನ್ನೊಂದು: ಮತ್ತೆ ಮತ್ತೆ ಚಾರ್ಜ್ ಆಗುತ್ತ ಸೀಸ ಗಿಡದ ಕೊಂಬೆಗಳಂತೆ ಚಾಚಿಕೊಂಡು, ಎದುರಿನ ವಿದ್ಯುದ್ವಾರವನ್ನು ಮುಟ್ಟಿಬಿಡಬಹುದು.