ಮಿಷನ್ ಬಂಗಲೆಯ ಮಗಳು

ಹಾಸನದ ರೆಡ್‌ಫರ್ನ್ ಆಸ್ಪತ್ರೆಯ ಹೆಸರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರಿಗೆ ಹೊಸದಲ್ಲ. 1876-78ರ ಧಾತು-ಈಶ್ವರ ಬರದಲ್ಲಿ ತಬ್ಬಲಿಗಳಾದ ಹೆಣ್ಣುಮಕ್ಕಳಿಗೆ ವೆಸ್ಲಿಯನ್ ಮಿಷನ್ ಹಾಸನದಲ್ಲಿ ಅನಾಥಾಲಯ ನಡೆಸಿತು. ಇಂಥ ಕೆಲಸಗಳ ಚರಿತ್ರೆಯಲ್ಲಿ ಪಾದ್ರಿಗಳ ಹೆಸರು ಧಾರಾಳವಾಗಿ ಸಿಗುತ್ತದೆ. ಅವರ ಮನೆಯ ಹೆಂಗಸರ ಮಾತು ಸಿಗುವುದು ಅಪರೂಪ. ಆ ಅಪರೂಪದಲ್ಲೊಂದು, ಕರಾವಳಿಯ ಬಾಸೆಲ್ ಮಿಷನ್ ಕುಟುಂಬದ ಮೇರಿ ಗುಂಡರ್ಟ್ ಬರೆದಿಟ್ಟ ದಿನಚರಿ ಮತ್ತು ಕಾಗದಗಳು.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಅದರ ಕೆಲಸ ಮಲಬಾರಿಗೂ ಹಬ್ಬಿತು. ಮಲಯಾಳಂ ನಿಘಂಟಿನಿಂದ ಹೆಸರಾದ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದುಬ್ವಾ ದಂಪತಿಗಳ ಮಗಳು ಮೇರಿ ಹುಟ್ಟಿದ್ದು 1842ರ ಅಕ್ಟೋಬರ್ 18ರಂದು, ತಲಶ್ಶೇರಿಯಲ್ಲಿ. ನಾಲ್ಕು ವರ್ಷದವಳಿರುವಾಗಲೇ ಆಕೆಯನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಇದು ಒಂದು ಮನೆಯ ಕಥೆಯಲ್ಲ. ಇಲ್ಲಿನ ಹವೆ, ಕಾಯಿಲೆಗಳಿಗೆ ಹೆದರಿ, ತಮ್ಮ ದೇಶದ ಶಿಕ್ಷಣ ಸಿಗಲೆಂದು ಮಿಷನರಿಗಳು ಮಕ್ಕಳನ್ನು ದೂರ ಕಳಿಸುವುದು ಅಂದಿನ ವಾಡಿಕೆ. ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ತಾಯಿ, ಸ್ವಂತ ಮಗಳ ಬಾಲ್ಯವನ್ನು ಅಂಚೆಯಲ್ಲಿ ಬರುವ ಕಾಗದಗಳಿಂದ ತಿಳಿಯಬೇಕಾಗಿತ್ತು.

1857ರಲ್ಲಿ, ಹದಿನೈದರ ಹರೆಯದಲ್ಲಿ, ಮೇರಿ ಭಾರತಕ್ಕೆ ಮರಳಿದಳು. ಹಡಗಿನಲ್ಲಿ ಪರಿಚಯವಾದ ಆಂಗ್ಲ ಯುವಕನೊಬ್ಬನಿಗೆ ಮನಸ್ಸು ಕೊಟ್ಟಳು. ಆದರೆ ತಂದೆ ಒಪ್ಪಲಿಲ್ಲ. ಹನ್ನೊಂದು ವರ್ಷ ಕಾಣದಿದ್ದ ತಂದೆ ಮೊದಲು ಕೇಳಿದ್ದು ಆಕೆಯ ಒಲವಿನ ತ್ಯಾಗವನ್ನು. ದುಃಖದ ಆ ದಿನಗಳನ್ನು ದಾಟಿ ಆಕೆ ಮಿಷನ್ ಕೆಲಸಕ್ಕೇ ತನ್ನನ್ನು ಒಪ್ಪಿಸಿಕೊಂಡಳು. ತಾಯಿಯ ಹೆಣ್ಣುಮಕ್ಕಳ ಶಾಲೆಗೆ ನೆರವಾದಳು. ಪ್ರಾರ್ಥನೆ, ಓದು, ಹೊಲಿಗೆ, ಬೈಬಲ್ ಪಾಠ – ದಿನ ಕಳೆಯುತ್ತಿದ್ದುದು ಇವುಗಳಲ್ಲಿ.

ದಿನಚರಿ ಬರೆಯುವುದು ಕೂಡ ಭಕ್ತಿಯ ಭಾಗವೇ. ಗುಂಡರ್ಟರ ತವರಾದ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಪಯಟಿಸ್ಟ್ ಪಂಥದವರಿಗೆ ಚರ್ಚಿನ ವಿಧಿಗಿಂತ ಅಂತರಂಗದ ಪರಿವರ್ತನೆ ಮುಖ್ಯ. ಅಂಗಡಿಯವನು ಸಂಜೆ ಲೆಕ್ಕ ಬರೆಯುವಂತೆ ಅವರು ಮನಸ್ಸಿನ ಲೆಕ್ಕ ಬರೆಯುತ್ತಿದ್ದರು. ಬಯಕೆ ಮತ್ತು ವಿಧೇಯತೆಯ ನಡುವಣ ಜಗ್ಗಾಟ ನಮಗಿಂದು ಉಳಿದಿರುವುದು ಈ ರೂಢಿಯಿಂದಲೇ.

1865ರಲ್ಲಿ ಮಿಷನರಿ ಚಾರ್ಲ್ಸ್ ಐಸೆನ್‌ಬರ್ಗ್‌ನನ್ನು ಮದುವೆಯಾಗಿ ಮೇರಿ ಸಿಂಧ್‌ನ ಹೈದರಾಬಾದಿಗೆ ಹೋದಳು. 1870ರಲ್ಲಿ ಆತ ತೀರಿಕೊಂಡಾಗ ಇಬ್ಬರು ಗಂಡುಮಕ್ಕಳೊಡನೆ ವಿಧವೆಯಾದಳು. 1874ರಲ್ಲಿ ಕೈಹಿಡಿದ ಯೋಹಾನೆಸ್ ಹೆಸ್ಸೆ, ಮಂಗಳೂರಿನಲ್ಲಿ ಕೆಲಸ ಮಾಡಿ ಅನಾರೋಗ್ಯದಿಂದ ಮರಳಿದ್ದವನು. ಇವರ ಮಗನೇ ‘ಸಿದ್ಧಾರ್ಥ’ (1922) ಬರೆದ ಹರ್ಮನ್ ಹೆಸ್ಸೆ.

ತನಗೆ ಬಲ ಕೊಟ್ಟ ವಿಧೇಯತೆಯನ್ನೇ ಆಕೆ ಮಗನಿಂದಲೂ ನಿರೀಕ್ಷಿಸಿದಳು. ಅವನು 1892ರಲ್ಲಿ ಮೌಲ್‌ಬ್ರಾನ್‌ನ ಧಾರ್ಮಿಕ ಶಾಲೆಯಿಂದ ಓಡಿಹೋದ. 1902ರಲ್ಲಿ ತಾಯಿ ಸತ್ತಾಗ ಅಂತ್ಯಕ್ರಿಯೆಗೂ ಹೋಗಲಿಲ್ಲ. ಒಬ್ಬಳನ್ನು ನಿಲ್ಲಿಸಿದ ನಂಬಿಕೆ ಮತ್ತೊಬ್ಬನಿಗೆ ಬಂಧನವಾಗಿ ಕಂಡಿತು.

ಮೇರಿಯ ಮಾತು ಉಳಿಯಿತು. ಆದರೆ ಅವಳ ಮುಂದೆ ಚಾಪೆಯ ಮೇಲೆ ಕುಳಿತು ಕಲಿತ ಹುಡುಗಿಯರು, ಬರದಿಂದ ಬದುಕುಳಿದು ಹಾಸನದ ಅನಾಥಾಲಯ ಸೇರಿದ ಬಾಲಕಿಯರು ತಂದೆತಾಯಿಯರ ಅಗಲಿಕೆಯನ್ನು ಹೇಗೆ ಸಹಿಸಿದರು, ಹೊಸ ದೇವರೊಡನೆ ಏನು ಮಾತಾಡಿದರು? ಆ ಪುಟಗಳನ್ನು ಯಾರೂ ತೆಗೆದಿಡಲಿಲ್ಲ. ಮಿಷನ್ ಬಂಗಲೆಯ ಚರಿತ್ರೆ ಓದುವಾಗ ಅದರ ಜಗಲಿಯಲ್ಲಿದ್ದವರನ್ನೂ ನೆನೆಯುವುದು ನ್ಯಾಯ.