ಷಿಕಾಗೊ: ಕ್ಯಾಮೆರಾ ಉಳಿಸಿಕೊಟ್ಟ ಕಟ್ಟಡಗಳು

ಷಿಕಾಗೊ ಎಂದೊಡನೆ ಕನ್ನಡಿಗರಿಗೆ ಸ್ವಾಮಿ ವಿವೇಕಾನಂದರ ನೆನಪಾಗುವುದು ಶಾಲಾದಿನಗಳಿಂದ ಬಂದ ರೂಢಿ. 1893ರ ಸೆಪ್ಟೆಂಬರ್ 11ರಂದು ಅವರು ಮಾತನಾಡಿದ ತಾತ್ಕಾಲಿಕ ಸಭಾಂಗಣ ಇಂದು ಇಲ್ಲ. ಆದರೆ ಸರ್ವಧರ್ಮ ಸಮ್ಮೇಳನ ಜರುಗಿದ ಕಟ್ಟಡ ಮಿಷಿಗನ್ ಅವೆನ್ಯೂದಲ್ಲಿ ಹಾಗೆಯೇ ಇದೆ. ಅದುವೇ ಆರ್ಟ್ ಇನ್‌ಸ್ಟಿಟ್ಯೂಟ್ ವಸ್ತುಸಂಗ್ರಹಾಲಯ. ಅದರ ಮುಂಬಾಗಿಲ ಕಂಚಿನ ಸಿಂಹಗಳ ಬಳಿ ನಿಂತು ಚಿತ್ರ ತೆಗೆಸಿಕೊಳ್ಳದೆ ಮರಳುವ ಪ್ರವಾಸಿಗರು ವಿರಳ. ಅದೇ ಸಂಗ್ರಹಾಲಯದ ಹಿಂಬದಿಗೆ, ಮನ್ರೊ ರಸ್ತೆಯ ಮೂಲೆಗೆ ನಡೆದುಹೋದರೆ ಒಂದು ಬೃಹತ್ ಕಮಾನು ಏಕಾಂಗಿಯಾಗಿ ನಿಂತಿರುವುದು ಕಾಣುತ್ತದೆ. ಕಮಾನಿದೆ, ಕಟ್ಟಡವಿಲ್ಲ. ಅದರ ಮುಂದೆ ನಿಲ್ಲುವವರು ಕಡಿಮೆ.

ಅದು 1894ರಲ್ಲಿ ಪೂರ್ಣಗೊಂಡ ಷಿಕಾಗೊ ಷೇರು ವಿನಿಮಯ ಕೇಂದ್ರದ ಹೆಬ್ಬಾಗಿಲು. ಡಾಂಕ್‌ಮಾರ್ ಆಡ್ಲರ್ ಮತ್ತು ಲೂಯಿ ಸಲಿವನ್ ಜೋಡಿಯ ಕೃತಿ. 1871ರ ಮಹಾ ಅಗ್ನಿದುರಂತದಲ್ಲಿ ಸುಟ್ಟುಹೋದ ನಗರವನ್ನು ಮತ್ತೆ ಕಟ್ಟಲು ಹೊರಟ ವಾಸ್ತುಶಿಲ್ಪಿಗಳು ಉಕ್ಕಿನ ಚೌಕಟ್ಟು ಹಾಗೂ ಲಿಫ್ಟ್‌ನ ನೆರವಿನಿಂದ ಗಗನಚುಂಬಿಗಳ ಯುಗಕ್ಕೆ ನಾಂದಿ ಹಾಡಿದರು. ವಿಪರ್ಯಾಸವೆಂದರೆ, ಮೊದಲ ಗಗನಚುಂಬಿ ಎಂದು ಬಹುಕಾಲ ಹೆಸರಾಗಿದ್ದ 1885ರ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನು ಆ ನಗರವೇ 1931ರಲ್ಲಿ ಕೆಡವಿತು.

ಇಂತಹ ಕಟ್ಟಡಗಳನ್ನು ಚಿತ್ರಗಳಲ್ಲಾದರೂ ಉಳಿಸಲು ಜೀವ ತೆತ್ತವರು ರಿಚರ್ಡ್ ನಿಕಲ್. ವಿದ್ಯಾರ್ಥಿಯಾಗಿದ್ದಾಗ ಸಲಿವನ್ ಕೃತಿಗಳ ಛಾಯಾಚಿತ್ರ ತೆಗೆಯುವ ತರಗತಿಯ ಕೆಲಸವಾಗಿ ಆರಂಭವಾದದ್ದು ಅವರ ಬಾಳಿನ ಉದ್ಯೋಗವೇ ಆಯಿತು. ದೊಡ್ಡ ಅಳತೆಯ ಫಿಲ್ಮ್ ಕ್ಯಾಮೆರಾ ಹೊತ್ತು ಅವರು ಒಂದೊಂದೇ ಕಟ್ಟಡವನ್ನು ಹುಡುಕಿ ಹೋದರು. ಅವರು ತಲುಪುವ ವೇಳೆಗೆ ಕೆಲವೆಡೆ ಕೆಡವುವವರು ಆಗಲೇ ಬಂದಿರುತ್ತಿದ್ದರು. ಸಲಿವನ್ನರ ಗ್ಯಾರಿಕ್ ರಂಗಮಂದಿರವನ್ನು ಉಳಿಸಲು 1960ರಲ್ಲಿ ಫಲಕ ಹಿಡಿದು ಬೀದಿಗಿಳಿದವರಲ್ಲಿ ನಿಕಲ್ ಸಹ ಇದ್ದರು. ಪ್ರಯತ್ನ ಫಲಿಸಲಿಲ್ಲ, 1961ರಲ್ಲಿ ರಂಗಮಂದಿರ ನೆಲಸಮವಾಗಿ, ಆ ಜಾಗದಲ್ಲಿ ವಾಹನ ನಿಲುಗಡೆಯ ಕಟ್ಟಡ ಎದ್ದಿತು.

ಸ್ಮಾರಕ ರಕ್ಷಣೆಗೆಂದು ನಗರಾಡಳಿತ 1968ರಲ್ಲಿ ಕಾನೂನು ಮಾಡಿತು. ಆದರೂ ಷೇರು ವಿನಿಮಯ ಕೇಂದ್ರಕ್ಕೆ ಸ್ಮಾರಕದ ಸ್ಥಾನ ನೀಡಲು ನಗರಸಭೆ ಒಪ್ಪಲಿಲ್ಲ. ಕೆಡವುವ ಕಾರ್ಯ ನಡೆಯುತ್ತಿದ್ದಾಗ, 1972ರ ಏಪ್ರಿಲ್ 13ರಂದು, ಅಲಂಕಾರದ ತುಣುಕುಗಳನ್ನು ಬಿಡಿಸಿ ತರಲು ನಿಕಲ್ ಒಬ್ಬರೇ ಒಳಹೊಕ್ಕರು. ಕಟ್ಟಡದ ಒಂದು ಭಾಗ ಅವರ ಮೇಲೆ ಕುಸಿಯಿತು. ಶವ ಸಿಕ್ಕಿದ್ದು ಸುಮಾರು ನಾಲ್ಕು ವಾರಗಳ ಬಳಿಕ. ಆಗ ಅವರಿಗೆ 43 ವರ್ಷ. ಅದೇ ಕಟ್ಟಡದ ವ್ಯಾಪಾರ ಕೊಠಡಿಯನ್ನು ಉಳಿಸಿಕೊಂಡ ಭಾಗಗಳಿಂದ ಆರ್ಟ್ ಇನ್‌ಸ್ಟಿಟ್ಯೂಟ್ ಒಳಗೆ ಮರುನಿರ್ಮಿಸಲಾಗಿದೆ. ಬಣ್ಣದ ಅಚ್ಚುಚಿತ್ತಾರದ ಗೋಡೆಗಳನ್ನು ಅಲ್ಲಿ ಕಾಣಬಹುದು. ನಿಕಲ್ ಬಿಟ್ಟುಹೋದ ಛಾಯಾಚಿತ್ರ ಭಂಡಾರವೂ 2010ರಲ್ಲಿ ಅದೇ ಸಂಸ್ಥೆಯನ್ನು ಸೇರಿತು.

ಉಳಿದಿರುವುದೂ ಅಲ್ಪವೇನಲ್ಲ. ಡಿಯರ್‌ಬಾರ್ನ್ ರಸ್ತೆಯ ಮೊನಾಡ್‌ನಾಕ್ ಕಟ್ಟಡದ ಉತ್ತರಾರ್ಧ (1891) 16 ಅಂತಸ್ತುಗಳ ಭಾರವನ್ನು ಇಟ್ಟಿಗೆಯ ಗೋಡೆಗಳ ಮೇಲೆಯೇ ಹೊತ್ತಿದೆ. ಬುಡದಲ್ಲಿ ಗೋಡೆಯ ದಪ್ಪ ಸುಮಾರು 6 ಅಡಿ. ಎರಡು ವರ್ಷಗಳ ಬಳಿಕ ಸೇರಿದ ದಕ್ಷಿಣಾರ್ಧಕ್ಕೆ ಉಕ್ಕಿನ ಚೌಕಟ್ಟು. ಎರಡೂ ಒಂದೇ ಚಿತ್ರದಲ್ಲಿ ಬರಬೇಕಾದರೆ ಎದುರು ಪಾದಚಾರಿ ಮಾರ್ಗಕ್ಕೆ ದಾಟುವುದು ಲೇಸು. ಅಲ್ಲಿಯೂ ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಮಟ್ಟವಾಗಿ ಹಿಡಿದು, ಅನವಶ್ಯಕ ಕೆಳಭಾಗವನ್ನು ಆಮೇಲೆ ಕತ್ತರಿಸುವುದು ಸರಳ ಉಪಾಯ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವಲ್ಲಿ ಸಲಿವನ್ನರ ಎರಕದ ಕಬ್ಬಿಣದ ಬಳ್ಳಿಚಿತ್ತಾರವಿದೆ. ಓರೆಬಿಸಿಲು ಬಿದ್ದಾಗ ಮಾತ್ರ ಅದರ ಉಬ್ಬುತಗ್ಗು ಚಿತ್ರದಲ್ಲಿ ಮೂಡುತ್ತದೆ. 1888ರ ರೂಕರಿ ಕಟ್ಟಡದ ಗಾಜಿನ ಛಾವಣಿಯ ಮೊಗಸಾಲೆಯನ್ನು ಫ್ರಾಂಕ್ ಲಾಯ್ಡ್ ರೈಟ್ 1905ರಲ್ಲಿ ನವೀಕರಿಸಿದರು. 1897ರಲ್ಲಿ ಸಾರ್ವಜನಿಕ ಗ್ರಂಥಾಲಯವಾಗಿ ತೆರೆದ ಕಲ್ಚರಲ್ ಸೆಂಟರ್‌ಗೆ ಪ್ರವೇಶ ಉಚಿತ. ಅಲ್ಲಿನ ಟಿಫಾನಿ ಗಾಜಿನ ಗುಮ್ಮಟವನ್ನು ನೋಡದೆ ಬರಬಾರದು.

ಚಿತ್ರ ತೆಗೆಯಲು ಅನುಮತಿ ಬೇಕೇ? ಅಮೆರಿಕದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ, ಸಾರ್ವಜನಿಕ ಸ್ಥಳದಿಂದ ಕಾಣುವ ಕಟ್ಟಡದ ಛಾಯಾಚಿತ್ರ ತೆಗೆಯಲು ಅಡ್ಡಿಯಿಲ್ಲ. ಕಟ್ಟಡ ಹೊಸದಾದರೂ ಸರಿ. ಆದರೆ ಶಿಲ್ಪಗಳಿಗೆ ಈ ವಿನಾಯಿತಿ ಅನ್ವಯಿಸದು. ಮುಂಬೈಯಲ್ಲಿ ಜನಿಸಿದ ಅನೀಶ್ ಕಪೂರ್ ಅವರ 'ಕ್ಲೌಡ್ ಗೇಟ್' ಮುಂದೆ ಜನ ನಿತ್ಯ ಚಿತ್ರ ತೆಗೆಯುತ್ತಾರೆ, ಯಾರೂ ತಡೆಯುವುದಿಲ್ಲ. ಅದೇ ಚಿತ್ರವನ್ನು ವ್ಯಾಪಾರಕ್ಕೆ ಬಳಸುವುದು ಬೇರೆ ಮಾತು. ಕಟ್ಟಡದ ಒಳಗೆ ಮಾಲೀಕರ ನಿಯಮವೇ ಅಂತಿಮವಾದ್ದರಿಂದ, ಟ್ರೈಪಾಡ್ ಬಿಚ್ಚುವ ಮುನ್ನ ಕಾವಲಿನವರನ್ನು ಕೇಳುವುದು ಉತ್ತಮ.

ಸಾಮಾನ್ಯ ದಿನಗಳಲ್ಲಿ ತೆರೆಯದ ಎಷ್ಟೋ ಬಾಗಿಲುಗಳು ಅಕ್ಟೋಬರ್‌ನಲ್ಲಿ ನಡೆಯುವ 'ಓಪನ್ ಹೌಸ್ ಷಿಕಾಗೊ' ವೇಳೆ ಉಚಿತವಾಗಿ ತೆರೆದಿರುತ್ತವೆ. ಇದನ್ನು ನಡೆಸುವ ಷಿಕಾಗೊ ಆರ್ಕಿಟೆಕ್ಚರ್ ಸೆಂಟರ್ ಹುಟ್ಟಿದ್ದೂ ಗ್ಲೆಸ್ನರ್ ಹೌಸ್ ಎಂಬ ಹಳೆಯ ಮನೆಯನ್ನು ಕೆಡವದಂತೆ ತಡೆಯಲು, 1966ರಲ್ಲಿ. ಪ್ರಯಾಣ ಕೈಗೂಡದವರು ಐತಿಹಾಸಿಕ ಕಟ್ಟಡಗಳ ದಾಖಲೀಕರಣಕ್ಕೆ ಅಮೆರಿಕ ಸರ್ಕಾರ 1933ರಲ್ಲಿ ಆರಂಭಿಸಿದ ಸಮೀಕ್ಷೆಯ ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ನಿಕಲ್ ತೆಗೆದ ಚಿತ್ರಗಳೂ ಅದರಲ್ಲಿವೆ.