ಲೈನ್‌ಮನ್‌ಗಳಿಗೆ ಬೇಕಿದ್ದ ಕಾರು

ಫ್ಯಾಮಿಲಿ ಕಾರಿನ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬೇಕು ಅನ್ನೋ ಐಡಿಯಾ ಯಾರದ್ದು ಅಂತ ಕೇಳಿದ್ರೆ, ಕಾರಿನ ಹುಚ್ಚಿರುವ ನಮ್ಮ ಆಫೀಸಿನ ಹುಡುಗರೆಲ್ಲ ‘ಆಡಿ ಕ್ವಾಟ್ರೊ’ ಅಂತಾರೆ. ಕ್ವಾಟ್ರೊ ಬಂದಿದ್ದು 1980ರಲ್ಲಿ, ಜಿನೀವಾ ಮೋಟಾರ್ ಶೋನಲ್ಲಿ. ಅದಕ್ಕೂ ಮೊದಲು, 1966ರಲ್ಲೇ ಬ್ರಿಟನ್ನಿನ ಜೆನ್ಸನ್ ಕಂಪನಿ ಎಫ್‌ಎಫ್ ಅನ್ನೋ ದುಬಾರಿ ಕಾರಿನಲ್ಲಿ ಇದನ್ನು ಮಾಡಿ ತೋರಿಸಿತ್ತು. ಒಟ್ಟು 320 ಕಾರು ಮಾಡಿ ನಿಲ್ಲಿಸಿಬಿಟ್ಟರು. ಆದರೆ ಸಾಮಾನು, ಮಕ್ಕಳು, ನಾಯಿ ಎಲ್ಲವನ್ನೂ ತುಂಬಿಕೊಂಡು ಹೋಗುವ ಸಾಮಾನ್ಯ ವ್ಯಾಗನ್‌ಗೆ ಈ ವಿದ್ಯೆ ಬಂದ ದಾರಿ ಬೇರೆ. ಅದು ಶುರುವಾಗಿದ್ದು ಕರೆಂಟ್ ಲೈನ್‌ಮನ್‌ಗಳಿಂದ.

ಜಪಾನಿನ ಉತ್ತರಕ್ಕೆ ತೊಹೊಕು ಅಂತ ಒಂದು ಪ್ರಾಂತ್ಯ. ಚಳಿಗಾಲದಲ್ಲಿ ಆಳೆತ್ತರದ ಹಿಮ ಬೀಳುವ ಬೆಟ್ಟಗುಡ್ಡದ ಸೀಮೆ. ಅಲ್ಲಿನ ತೊಹೊಕು ಎಲೆಕ್ಟ್ರಿಕ್ ಪವರ್ ಕಂಪನಿಯ ಕೆಲಸಗಾರರು ಲೈನ್ ರಿಪೇರಿಗೆ ಜೀಪಿನಲ್ಲಿ ಹೋಗುತ್ತಿದ್ದರು. ಜೀಪು ಹಿಮ ಹತ್ತುತ್ತಿತ್ತು ನಿಜ, ಆದರೆ ಒಳಗೆ ಕೂತವರು ಗಡಗಡ ನಡುಗಬೇಕು. 1970ರ ಆಸುಪಾಸಿನಲ್ಲಿ ಕಂಪನಿಯವರು, ಜೀಪಿನ ಹಾಗೆ ಹಿಮ ಹತ್ತಬೇಕು, ಕಾರಿನ ಹಾಗೆ ಬೆಚ್ಚಗಿರಬೇಕು, ಅಂಥದ್ದೊಂದು ಗಾಡಿ ಮಾಡಿಕೊಡಿ ಅಂತ ಸೆಂಡೈ ಊರಿನ ಸುಬಾರು ಡೀಲರ್ ಮಿಯಾಗಿ ಸುಬಾರುವನ್ನು ಕೇಳಿದರು. ನಮ್ಮೂರಿನ ಕೆಇಬಿ ಲೈನ್‌ಮನ್ ಹೀಗೇನಾದರೂ ಕೇಳಿದ್ದರೆ ಸೆಕ್ಷನ್ ಆಫೀಸಿನಲ್ಲಿ ನಗುತ್ತಿದ್ದರು. ಅವನ ಪಾಲಿಗೆ ಇದ್ದದ್ದು ಒಂದು ಮೊಪೆಡ್, ಒಂದು ಹಗ್ಗ.

ಸೆಂಡೈನ ಮೆಕ್ಯಾನಿಕ್‌ಗಳು ನಗಲಿಲ್ಲ. ಮುಂದಿನ ಚಕ್ರದಿಂದ ಓಡುವ ಸುಬಾರು ವ್ಯಾನ್ ಒಂದನ್ನು ತಗೊಂಡು, ಅದರ ಹಿಂಭಾಗಕ್ಕೆ ನಿಸ್ಸಾನ್ ಬ್ಲೂಬರ್ಡ್ ಕಾರಿನ ಹಿಂದಿನ ಆಕ್ಸಲ್ ತಂದು ಕೂಡಿಸಿದರು. ಅಂದ್ರೆ ಇದು ಸೀದಾ ನಮ್ಮ ಗ್ಯಾರೇಜ್ ಬುದ್ಧಿ. ಸುಬಾರುವಿನ ಎಂಜಿನ್ ಕಾರಿನ ಉದ್ದಕ್ಕೆ ಕೂತಿರುತ್ತೆ, ಅದರ ಹಿಂದೆಯೇ ಗೇರ್‌ಬಾಕ್ಸ್. ಅಲ್ಲಿಂದ ಹಿಂದಕ್ಕೆ ಒಂದು ಷಾಫ್ಟ್ ಎಳೆಯೋದು ಬೇರೆ ಕಾರುಗಳಿಗಿಂತ ಸುಲಭ. ಇದನ್ನು ನೋಡಿದ ಮಾತೃಸಂಸ್ಥೆ ಫುಜಿ ಹೆವಿ ಇಂಡಸ್ಟ್ರೀಸ್ 1971ರ ಟೋಕಿಯೊ ಮೋಟಾರ್ ಶೋನಲ್ಲಿ ತನ್ನದೇ ಮಾದರಿ ಇಟ್ಟಿತು. 1972ರಲ್ಲಿ ಲಿಯೋನೆ ಫೋರ್-ವೀಲ್ ಡ್ರೈವ್ ಎಸ್ಟೇಟ್ ವ್ಯಾನ್ ಮಾರಾಟಕ್ಕೆ ಬಂತು. (ಸುಬಾರು ಅಂದ್ರೆ ಜಪಾನಿ ಭಾಷೆಯಲ್ಲಿ ಕೃತ್ತಿಕಾ ನಕ್ಷತ್ರ. ಊರಲ್ಲಿ ಕೃತ್ತಿಕೆ ಮಳೆ ಅಂತ ಕಾಯ್ತೀವಲ್ಲ, ಅದೇ. ಲೋಗೋದಲ್ಲಿರುವ ಆರು ಚುಕ್ಕಿ ಅವೇ.)

ಇಲ್ಲಿಂದ ಮುಂದಿನ ಐವತ್ತು ವರ್ಷದ ಕಥೆ ನಿಂತಿರೋದು ಒಂದೇ ಒಂದು ತೊಡಕಿನ ಮೇಲೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಎತ್ತಿನ ಗಾಡಿ ಸಾಕು. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು, ಒಳಗಿನದ್ದು ಕಡಿಮೆ. ಗಾಡಿಯ ಅಚ್ಚು ತಿರುಗೋದಿಲ್ಲ, ಗಾಲಿಗಳು ಮಾತ್ರ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಹಾಗಾಗಿ ಜಗಳವಿಲ್ಲ. ಎಂಜಿನ್‌ನಿಂದ ಚಕ್ರ ತಿರುಗಿಸೋಕೆ ಹೊರಟ ಕೂಡಲೇ ಜಗಳ ಶುರು. ಎಡ-ಬಲದ ವ್ಯತ್ಯಾಸ ಸರಿದೂಗಿಸೋಕೆ ಡಿಫರೆನ್ಷಿಯಲ್ ಅನ್ನೋ ಹಲ್ಲುಗಳ ಡಬ್ಬಿ ಬಂತು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟರೆ ಇನ್ನೊಂದು ವ್ಯತ್ಯಾಸ ಎದುರಾಗುತ್ತೆ: ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗುತ್ತವೆ.

ಲಿಯೋನೆಯಲ್ಲಿ ಮುಂದು-ಹಿಂದುಗಳ ನಡುವೆ ಡಿಫರೆನ್ಷಿಯಲ್ ಇರಲಿಲ್ಲ. ಸೀಟಿನ ಪಕ್ಕ ಒಂದು ಲಿವರ್, ಅಷ್ಟೆ. ಹಿಮ ಬಂದಾಗ ಎಳೆದರೆ ಹಿಂದಿನ ಚಕ್ರಗಳೂ ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಹಿಮದಲ್ಲಿ ಟೈರು ಒಂದಿಷ್ಟು ಜಾರಿ ವ್ಯತ್ಯಾಸವನ್ನು ನುಂಗಿಕೊಳ್ಳುತ್ತೆ. ಒಣ ಡಾಂಬರಿನ ಮೇಲೆ ಜಾರೋಕೆ ಜಾಗವಿಲ್ಲ, ಷಾಫ್ಟು ಹಗ್ಗದ ಹಾಗೆ ಹುರಿಗೊಳ್ಳುತ್ತಾ ಹೋಗುತ್ತೆ, ಸ್ಟೀರಿಂಗ್ ಬಿಗಿಯಾಗುತ್ತೆ, ಕಾರು ಮುಗ್ಗರಿಸುತ್ತೆ. ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಹೊಸದಲ್ಲ. ಕೆಸರುಗದ್ದೆಯಲ್ಲಿ ಒಂದು ಚಕ್ರ ಹೂತಾಗ ಡಿಫರೆನ್ಷಿಯಲ್ ಲಾಕ್ ಪೆಡಲ್ ತುಳೀತಾರೆ, ತಿರುಗಿಸೋ ಮುಂಚೆ ಕಾಲು ತೆಗೀತಾರೆ. ನಮ್ಮಪ್ಪನಿಗೆ ಇದನ್ನು ಯಾವ ಮ್ಯಾನ್ಯುಯಲ್ಲೂ ಹೇಳಿಕೊಡಲಿಲ್ಲ, ಪೆಡಲ್ ಕಾಲ ಕೆಳಗೇ ಇತ್ತು. ಲಿಯೋನೆ ಕೂಡ ಹಾಗೇ. ಯಾವಾಗ ಎಳೀಬೇಕು, ಯಾವಾಗ ಬಿಡಬೇಕು ಅನ್ನೋ ವಿವೇಕ ಓಡಿಸುವವನ ಕೈಯಲ್ಲಿತ್ತು.

ಇದೇ ಕಾರು 1970ರ ದಶಕದ ಮಧ್ಯದಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಸುಬಾರುವಿಗೆ ಒಳ್ಳೆ ಹೆಸರೇನೂ ಇರಲಿಲ್ಲ. 1968ರಲ್ಲಿ ಮಾಲ್ಕಮ್ ಬ್ರಿಕ್ಲಿನ್ ಮತ್ತು ಹಾರ್ವಿ ಲ್ಯಾಮ್ ಆಮದು ಕಂಪನಿ ಶುರು ಮಾಡಿ ತಂದ ಪುಟಾಣಿ 360 ಕಾರನ್ನು ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಸ್ವೀಕಾರಾರ್ಹವಲ್ಲ ಅಂತ ತಳ್ಳಿಹಾಕಿತ್ತು. ವರ್ಮಾಂಟ್, ಕೊಲೊರಾಡೊದಂಥ ಹಿಮದ ರಾಜ್ಯಗಳ ರೈತರು, ಹಳ್ಳಿ ಡಾಕ್ಟರುಗಳು, ಸ್ಕೀ ಆಡುವವರು ವ್ಯಾಗನ್ ಕೊಳ್ಳತೊಡಗಿದ ಮೇಲೆ ಮರ್ಯಾದೆ ಬಂತು.

ಲಿವರಿನ ಕಾಟ ತಪ್ಪಿಸಿದ ಮೊದಲ ಅಗ್ಗದ ವ್ಯಾಗನ್ ಅಂದ್ರೆ ಅಮೆರಿಕನ್ ಮೋಟಾರ್ಸ್‌ನ ಈಗಲ್, 1980ರ ಮಾಡೆಲ್. ಅದರ ಮಧ್ಯದಲ್ಲಿ ವಿಸ್ಕಸ್ ಕಪ್ಲಿಂಗ್ ಇತ್ತು. ಒಂದು ಮುಚ್ಚಿದ ಡಬ್ಬಿ, ಒಳಗೆ ತೆಳು ತಟ್ಟೆಗಳು, ಮಂದವಾದ ಸಿಲಿಕೋನ್ ದ್ರವ. ಸಣ್ಣ ವ್ಯತ್ಯಾಸವನ್ನು ಬಿಟ್ಟುಕೊಡುತ್ತೆ, ಜೋರಾಗಿ ಜಾರಿದರೆ ಬಿಗಿಹಿಡಿಯುತ್ತೆ. ನನ್ನ ಪ್ರಕಾರ ಈಗಲ್‌ಗೆ ಸಿಗಬೇಕಾದ ಗೌರವ ಸಿಗಲೇ ಇಲ್ಲ. ಕಂಪನಿಯನ್ನು 1987ರಲ್ಲಿ ಕ್ರೈಸ್ಲರ್ ಕೊಂಡುಕೊಂಡಿತು, ಅದೇ ವರ್ಷದ ಕೊನೆಗೆ ಈಗಲ್ ನಿಂತುಹೋಯಿತು.

ಸುಬಾರು ಆಟೊಮ್ಯಾಟಿಕ್ ಕಾರುಗಳಲ್ಲಿ ಲಿವರಿನ ಕೆಲಸವನ್ನು ಕಂಪ್ಯೂಟರ್‌ಗೆ ಒಪ್ಪಿಸಿತು. ಗೇರ್‌ಬಾಕ್ಸ್ ಹಿಂದೆ ಎಣ್ಣೆಯಲ್ಲಿ ಮುಳುಗಿದ ಹಲವು ತಟ್ಟೆಗಳ ಕ್ಲಚ್, ಅದನ್ನು ಒತ್ತುವ ಎಣ್ಣೆಯ ಒತ್ತಡವನ್ನು ನಿಯಂತ್ರಿಸೋಕೆ ಒಂದು ಸೊಲೆನಾಯ್ಡ್. ಮುಂದಿನ-ಹಿಂದಿನ ಚಕ್ರಗಳ ವೇಗ ನೋಡಿ ಎಷ್ಟು ಬಿಗಿ ಮಾಡಬೇಕು ಅಂತ ಕಂಪ್ಯೂಟರ್ ತೀರ್ಮಾನಿಸುತ್ತೆ. ಓಡಿಸುವವನಿಗೆ ಏನೂ ಗೊತ್ತಿರಬೇಕಾಗಿಲ್ಲ. ಮಾರಾಟಕ್ಕೆ ಇದು ಒಳ್ಳೆಯದು. ಕೆಟ್ಟಾಗ ಮಾತ್ರ ಕಷ್ಟ, ಯಾಕಂದ್ರೆ ಎಲ್ಲಿ ಹುಡುಕಬೇಕು ಅಂತಲೇ ತಿಳಿಯೋದಿಲ್ಲ.

ನಾನು ಆನ್‌ಸೈಟ್ ಅಂತ ಡೆನ್ವರ್‌ನಲ್ಲಿ ಎರಡು ವರ್ಷ ಇದ್ದಾಗ ಸೆಕೆಂಡ್‌ಹ್ಯಾಂಡ್ ವ್ಯಾಗನ್ ಒಂದನ್ನು ಇಟ್ಟುಕೊಂಡಿದ್ದೆ. ಹಿಂದಿನ ಬಲ ಟೈರಿಗೆ ಮೊಳೆ ಹೊಕ್ಕು ಸೈಡ್ ಹರಿದುಹೋಯ್ತು. ಟೈರ್ ಅಂಗಡಿಯವನು ಅದೊಂದನ್ನೇ ಹೊಸದು ಹಾಕಿ ಕಳಿಸಿದ. ಆಮೇಲೆ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಸಾಕು, ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಕಾರು ಕಟಕಟ ಅಂತ ತಡೆದು ತಡೆದು ಹೋಗೋದು. ಒಬ್ಬ ಮೆಕ್ಯಾನಿಕ್ ನೋಡಿದವನೇ ಗೇರ್‌ಬಾಕ್ಸ್ ಬಿಚ್ಚಬೇಕು ಅಂದ. ಡಾಲರ್ ಲೆಕ್ಕ ಕೇಳಿ ನನ್ನ ಹೆಂಡತಿ, “ಈ ದುಡ್ಡಲ್ಲಿ ಊರಲ್ಲಿ ಬೋರ್‌ವೆಲ್ ಹಾಕಿಸಬಹುದಲ್ರೀ” ಅಂದಳು.

ಆ ಪೀಳಿಗೆಯ ಕಾರುಗಳಲ್ಲಿ ಎಂಜಿನಿಯರುಗಳು ಒಂದು ಸಣ್ಣ ಕಿಂಡಿ ಬಿಟ್ಟಿದ್ದರು. ಬಾನೆಟ್ ಎತ್ತಿದರೆ ‘ಎಫ್‌ಡಬ್ಲ್ಯೂಡಿ’ ಅಂತ ಬರೆದ ಖಾಲಿ ಫ್ಯೂಸ್ ಜಾಗ. ಅದಕ್ಕೊಂದು ಫ್ಯೂಸ್ ಚುಚ್ಚಿದರೆ ಕಂಪ್ಯೂಟರ್ ಕ್ಲಚ್ ಬಿಡಿಸಿ ಹಿಂದಿನ ಚಕ್ರಗಳಿಗೆ ಶಕ್ತಿ ನಿಲ್ಲಿಸುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಫೀಚರ್ ಫ್ಲ್ಯಾಗ್. ಫ್ಯೂಸ್ ಹಾಕಿದ ಮೇಲೂ ತಡೆದರೆ ಸೊಲೆನಾಯ್ಡ್ ಅಥವಾ ಕ್ಲಚ್ ಹಾಳಾಗಿದೆ, ತಡೆಯೋದು ನಿಂತರೆ ಅವೆರಡೂ ಸರಿ ಇವೆ, ಕಾರಣ ಹೊರಗೆ ಹುಡುಕಿ. ಹಾಕಿದೆ. ಕಾರು ಬೆಣ್ಣೆಯ ಹಾಗೆ ತಿರುಗಿತು.

ಕಾರಣ ಟೈರಿನಲ್ಲಿತ್ತು. ಲೆಕ್ಕ ನೋಡಿ: ಹಳೆಯ ಮೂರು ಟೈರು ಹೊಸದಕ್ಕಿಂತ 3 ಮಿಲಿಮೀಟರ್ ಸವೆದಿದ್ದವು. ಅಂದ್ರೆ ಸುತ್ತಳತೆಯಲ್ಲಿ ಸುಮಾರು 19 ಮಿಲಿಮೀಟರ್ ವ್ಯತ್ಯಾಸ. ಟೈರಿನ ಸುತ್ತಳತೆ ಎರಡು ಮೀಟರ್ ಅಂತ ಹಿಡಿದರೆ, ಒಂದು ಕಿಲೋಮೀಟರಿಗೆ 9 ಮೀಟರ್‌ಗೂ ಹೆಚ್ಚು. ಸುಬಾರು ಹೇಳುವ ಮಿತಿ ಸುತ್ತಳತೆಯಲ್ಲಿ ಕಾಲು ಇಂಚು, ಅಂದ್ರೆ ಸುಮಾರು ಒಂದು ಮಿಲಿಮೀಟರ್ ಸವೆತ. ದೊಡ್ಡ ಟೈರು ನಿಧಾನ ತಿರುಗುವುದನ್ನು ನೋಡಿದ ಕಂಪ್ಯೂಟರ್, ಮುಂದಿನ ಚಕ್ರಗಳು ಜಾರುತ್ತಿವೆ ಅಂದುಕೊಂಡು ಕ್ಲಚ್ ಬಿಗಿ ಮಾಡುತ್ತಿತ್ತು. ಒಣ ರಸ್ತೆಯಲ್ಲಿ ಇಲ್ಲದ ಹಿಮವನ್ನು ಕಾಣುತ್ತಿತ್ತು. ಕೊನೆಗೆ ಇನ್ನೊಂದು ಅಂಗಡಿಯವರು ಹೊಸ ಟೈರನ್ನೇ ಯಂತ್ರದಲ್ಲಿ ಕೆರೆದು ಹಳೆಯದರ ಸಮಕ್ಕೆ ತಂದರು. ಅಮೆರಿಕದಲ್ಲಿ ಇದೂ ಒಂದು ಕಸುಬು! ದುಡ್ಡು ಕೊಟ್ಟು ಹೊಸ ಟೈರು ಸವೆಸೋದನ್ನು ಊರಲ್ಲಿ ಹೇಳಿದ್ರೆ ಯಾರೂ ನಂಬಲ್ಲ.

ಈ ವ್ಯಾಗನ್ ಅಷ್ಟು ಜನಪ್ರಿಯವಾಗಿದ್ದಕ್ಕೂ ಒಂದು ಹಿನ್ನೆಲೆಯಿದೆ. 1990ರ ದಶಕದ ಆರಂಭದಲ್ಲಿ ಸುಬಾರು ಅಮೆರಿಕದಲ್ಲಿ ನೆಲಕಚ್ಚುತ್ತಿತ್ತು. ಯಾರು ನಮ್ಮ ಕಾರಿಗೆ ಹೆಚ್ಚು ದುಡ್ಡು ಕೊಡ್ತಾರೆ ಅಂತ ಹುಡುಕಿದಾಗ ಐದು ಗುಂಪು ಸಿಕ್ಕವು: ಶಿಕ್ಷಕರು, ಆಸ್ಪತ್ರೆ ಕೆಲಸದವರು, ಐಟಿಯವರು, ಕಾಡುಮೇಡು ಸುತ್ತುವವರು, ಮತ್ತು ಸಲಿಂಗಿ ಮಹಿಳೆಯರು. ಬೇರೆ ಕಂಪನಿಗಳು ಹೆದರುತ್ತಿದ್ದ ಆ ಕಾಲದಲ್ಲಿ ಸುಬಾರು ಐದನೆಯ ಗುಂಪಿಗೂ ಜಾಹೀರಾತು ಮಾಡಿತು. ನಂಬರ್ ಪ್ಲೇಟಿನಲ್ಲಿ ಗುಟ್ಟಿನ ಸಂಕೇತ ಇಟ್ಟು, ತಿಳಿದವರಿಗೆ ಮಾತ್ರ ತಿಳಿಯುವ ಹಾಗೆ. ವ್ಯಾಗನನ್ನೇ ಸ್ವಲ್ಪ ಎತ್ತರಿಸಿ, ‘ಕ್ರೊಕೊಡೈಲ್ ಡಂಡಿ’ ಖ್ಯಾತಿಯ ಪಾಲ್ ಹೋಗನ್‌ರನ್ನು ಕರೆತಂದು ಔಟ್‌ಬ್ಯಾಕ್ ಅಂತ ಮಾರಿತು. 1996ರ ಮಾಡೆಲ್‌ಗಳಿಂದ ಅಮೆರಿಕದಲ್ಲಿ ಸುಬಾರು ಅಂದ್ರೆ ಆಲ್-ವೀಲ್ ಡ್ರೈವ್ ಮಾತ್ರ ಅನ್ನೋ ಹಾಗಾಯ್ತು.

ನಮ್ಮಲ್ಲಿ ವ್ಯಾಗನ್ ಊರಲಿಲ್ಲ. 1992ರ ಟಾಟಾ ಎಸ್ಟೇಟ್ ನೆನಪಿರುವವರೇ ಕಡಿಮೆ. ಸುಬಾರು ಬಂದಿದ್ದೂ ವೇಷ ಮರೆಸಿಕೊಂಡು. ಜನರಲ್ ಮೋಟಾರ್ಸ್‌ಗೆ ಫುಜಿಯಲ್ಲಿ ಪಾಲಿದ್ದ ಕಾಲದಲ್ಲಿ ಫಾರೆಸ್ಟರ್ ಇಲ್ಲಿ ಷೆವರ್ಲೆ ಅನ್ನೋ ಹೆಸರಲ್ಲಿ ಮಾರಾಟವಾಯಿತು. ಬೆಂಗಳೂರಲ್ಲಿ ಈಗಲೂ ಅಪರೂಪಕ್ಕೆ ಒಂದು ಕಣ್ಣಿಗೆ ಬೀಳುತ್ತೆ. ಅಂಥದ್ದನ್ನು ಕೊಳ್ಳೋಕೆ ಹೊರಟಿದ್ದರೆ ಬಾನೆಟ್ ಎತ್ತೋ ಮುಂಚೆ ನಾಲ್ಕೂ ಟೈರಿನ ಸವೆತ ಅಳೆಯಿರಿ, ನಾಲ್ಕೂ ಒಂದೇ ಕಂಪನಿಯವಾ ನೋಡಿ. ಆಮೇಲೆ ಎಂಜಿನ್ ಬಿಸಿಯಾದ ಮೇಲೆ, ಒಣ ನೆಲದಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಓಡಿಸಿ. ಮುಂದೆ ಬಂದ ಹಲವು ಮಾಡೆಲ್‌ಗಳಲ್ಲಿ ಆ ಖಾಲಿ ಫ್ಯೂಸ್ ಜಾಗವನ್ನೂ ಕಂಪನಿಯವರು ತೆಗೆದುಹಾಕಿದ್ದಾರೆ.